ಯಾರ ಮನೆಯ 127.0.0.1? ಎಸ್‌ಎಸ್‌ಎಚ್ ಸುರಂಗವನ್ನು ಕೋಡ್ ಒಳಗಿಂದ ನೋಡೋಣ

ವಿಜಯಪುರದಲ್ಲಿ ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜ್‌ಗೆ ನಾನು ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಯಾರ ಮಾಲು ಎಷ್ಟು ಬಾಕ್ಸ್ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು, ಬಾಡಿಗೆ ಎಷ್ಟು ಬಾಕಿ, ಇಷ್ಟೇ. ಡೇಟಾಬೇಸ್ ಇರುವುದು ಮುಂಬೈನ ಒಂದು ಬಾಡಿಗೆ ಸರ್ವರ್‌ನಲ್ಲಿ. ಸಂಜೆ ಏಳಕ್ಕೆ ಆಫೀಸಿನ ಕಂಪ್ಯೂಟರ್‌ನಲ್ಲಿರುವ ಸಣ್ಣ ಪೈಥಾನ್ ಪ್ರೋಗ್ರಾಂ ಆ ದಿನದ ಎಂಟ್ರಿಗಳನ್ನು ಅಲ್ಲಿಗೆ ಕಳಿಸುತ್ತದೆ. ಆಮೇಲೆ ಒಟ್ಟು ಲೆಕ್ಕ ತಂದು ಸಾಹುಕಾರರ ಮೊಬೈಲ್‌ಗೆ ಹಾಕುತ್ತದೆ. ಏಳೂಕಾಲಾದರೂ ಬರದಿದ್ದರೆ ನನಗೆ ಫೋನ್ ಗ್ಯಾರಂಟಿ. "ಸರ, ಇವತ್ತಿನ ಲೆಕ್ಕ ಬಂದಿಲ್ಲಲ್ರಿ?"

ಶುರುವಿನಲ್ಲಿ ನಾನು ಮಾಡಿದ ಕೆಲಸ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್ ಕೇಳಿಸಿಕೊಳ್ಳುವ 3306ನೇ ಪೋರ್ಟ್ ಅನ್ನು, ಅಂದರೆ ಸರ್ವರ್‌ನ ಆ ನಂಬರಿನ ಬಾಗಿಲನ್ನು, ಇಡೀ ಇಂಟರ್ನೆಟ್‌ಗೆ ತೆರೆದಿಟ್ಟಿದ್ದೆ. ಕೆಲಸ ಆಗುತ್ತಿತ್ತು, ಬಿಟ್ಟೆ. ಎರಡು ದಿನ ಕಳೆದು ಸುಮ್ನೆ ಲಾಗ್ ತೆರೆದರೆ, ಗುರುತಿಲ್ಲದ ಎಲ್ಲೆಲ್ಲಿಂದಲೋ 'ರೂಟ್', 'ಅಡ್ಮಿನ್' ಅಂತ ಹೆಸರು ಹಾಕಿ ಸಾಲುಸಾಲಾಗಿ ಬಾಗಿಲು ತಟ್ಟಿದ್ದರು. ಯಾರೂ ನಮ್ಮ ದ್ರಾಕ್ಷಿ ಲೆಕ್ಕ ಹುಡುಕಿಕೊಂಡು ಬಂದವರಲ್ಲ. ತೆರೆದ ಪೋರ್ಟ್ ಹುಡುಕಿಕೊಂಡು ತಿರುಗುವ ಪ್ರೋಗ್ರಾಂಗಳು ಅವು. ಹಗಲು ರಾತ್ರಿ ಅದೇ ಅವುಗಳ ಕೆಲಸ. ಅವತ್ತೇ ಪೋರ್ಟ್ ಮುಚ್ಚಿದೆ. ಮುಚ್ಚಿದ ಮೇಲೆ ನನ್ನ ಪ್ರೋಗ್ರಾಂ ಕೂಡ ಹೊರಗೇ ಉಳಿಯಿತು, ಅಲ್ವಾ? ಅಲ್ಲಿಂದ ಶುರುವಾಯಿತು ಸುರಂಗದ ಕಥೆ.

ನಮ್ಮೂರಿನವರಿಗೆ ಸುರಂಗ ಅಂದರೆ ಏನು ಅಂತ ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ತೊರವಿ ಕಡೆ ಹೋದರೆ ಸುರಂಗ ಬಾವಡಿ ಇದೆ. ಆದಿಲ್‌ಶಾಹಿ ಕಾಲದಲ್ಲಿ ಅಲ್ಲಿಂದ ನೆಲದೊಳಗೆ ಸುರಂಗ ಕೊರೆದು ಊರಿಗೆ ನೀರು ತಂದರು. ಮೇಲೆ ಹೊಲ, ದಾರಿ, ಜನ, ಕುದುರೆ. ಕೆಳಗೆ ನೀರು ತನ್ನ ಪಾಡಿಗೆ ತಾನು ಹರಿಯುತ್ತದೆ. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್ ಜೊತೆ ಗೂಢಲಿಪಿಯಲ್ಲಿ ಮಾತಾಡುವ ವಿಧಾನ) ಟನಲ್ ಕೂಡ ಹೀಗೇ. ಮೇಲೆ ಎಲ್ಲರೂ ಓಡಾಡುವ ಇಂಟರ್ನೆಟ್, ಒಳಗೆ ನಮ್ಮ ಡೇಟಾ. ಹೊರಗೆ ನಿಂತವನಿಗೆ ಎರಡು ಕಂಪ್ಯೂಟರ್ ಮಾತಾಡುತ್ತಿವೆ ಅಂತ ಗೊತ್ತಾಗುತ್ತದೆ. ಎಷ್ಟು ಡೇಟಾ ಹೋಯಿತು ಅಂತಲೂ ಅಂದಾಜು ಸಿಗುತ್ತದೆ. ಏನು ಮಾತಾಡಿದವು ಅನ್ನೋದು ಮಾತ್ರ ಸಿಗುವುದಿಲ್ಲ.

ಎಸ್‌ಎಸ್‌ಎಚ್ ಹುಟ್ಟಿದ್ದು 1995ರಲ್ಲಿ. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡ್ ಹಿಡಿದಿದ್ದರು. ಆಗ ದೂರದಿಂದ ಲಾಗಿನ್ ಆಗಲು ಬಳಸುತ್ತಿದ್ದ ಟೆಲ್ನೆಟ್, ಫೈಲ್ ಕಳಿಸಲು ಬಳಸುತ್ತಿದ್ದ ಎಫ್‌ಟಿಪಿಗಳಲ್ಲಿ ಪಾಸ್‌ವರ್ಡ್ ಬರೆದಂತೆಯೇ ತಂತಿಯ ಮೇಲೆ ಹೋಗುತ್ತಿತ್ತು. ಅದನ್ನು ನೋಡಿ ಅಲ್ಲಿನ ಟಾಟು ಯುಲೊನೆನ್ ಇದನ್ನು ಬರೆದರು. ಎಫ್‌ಟಿಪಿಯ ಪೋರ್ಟ್ 21, ಟೆಲ್ನೆಟ್‌ನದು 23. ನಡುವೆ 22 ಖಾಲಿ ಇತ್ತು. ಅದನ್ನೇ ಕೇಳಿದರು, ಸಿಕ್ಕಿತು. ನಾವು ಈಗ ಬಳಸುವುದು ಹೆಚ್ಚಾಗಿ 1999ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ ಅನ್ನು.

ಎಸ್‌ಎಸ್‌ಎಚ್ ಅಂದರೆ ದೂರದ ಸರ್ವರ್‌ಗೆ ಲಾಗಿನ್ ಆಗಿ ಕಮಾಂಡ್ ಹೊಡೆಯುವುದು ಅಂತಷ್ಟೇ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಆದರೆ ಕಮಾಂಡ್ ಹೊಡೆಯುವುದು ಅದರ ಒಂದು ಚಾನೆಲ್ ಮಾತ್ರ. ಒಂದೇ ಎಸ್‌ಎಸ್‌ಎಚ್ ಕನೆಕ್ಷನ್ ಒಳಗೆ ಬೇಕಾದಷ್ಟು ಚಾನೆಲ್ ತೆರೆಯಬಹುದು. ಒಂದರಲ್ಲಿ ಲಾಗಿನ್, ಇನ್ನೊಂದರಲ್ಲಿ ಫೈಲ್, ಮತ್ತೊಂದರಲ್ಲಿ ಡೇಟಾಬೇಸ್ ಮಾತು. ಪ್ರತಿ ಚಾನೆಲ್‌ಗೂ ನಂಬರ್ ಇರುತ್ತದೆ, ಹಾಗಾಗಿ ಒಂದರದ್ದು ಇನ್ನೊಂದಕ್ಕೆ ಬೆರೆಯುವುದಿಲ್ಲ. ನಮ್ಮ ಸುರಂಗ ಅಂದರೆ ಇಂಥ ಒಂದು ಚಾನೆಲ್. ಅದಕ್ಕಾಗಿ ಸರ್ವರ್‌ನಲ್ಲಿ ಹೊಸ ಪೋರ್ಟ್ ತೆರೆಯಬೇಕಿಲ್ಲ. 22 ಒಂದು ತೆರೆದಿದ್ದರೆ ಸಾಕು.

ಕೋಡ್‌ಗೆ ಹೋಗುವ ಮುಂಚೆ ಕೈಯಲ್ಲಿ ಹೊಡೆಯುವ ಕಮಾಂಡ್ ಒಮ್ಮೆ ನೋಡೋಣ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು. ಇಲ್ಲಿ ಬಾಯಲ್ಲಿ ಓದುವ ಹಾಗೆ ಬರೆದಿದ್ದೇನೆ:

ಎಸ್‌ಎಸ್‌ಎಚ್ -ಎನ್ -ಎಲ್ 3307:127.0.0.1:3306 ಯೂಸರ್@ಸರ್ವರ್

'-ಎನ್' ಅಂದರೆ ನಾನು ಕಮಾಂಡ್ ಹೊಡೆಯುವುದಿಲ್ಲ, ಸುರಂಗ ಒಂದೇ ಸಾಕು ಅಂತ. '-ಎಲ್' ಅಂದರೆ ಸುರಂಗದ ಬಾಯಿ ಲೋಕಲ್, ಅಂದರೆ ನನ್ನ ಕಂಪ್ಯೂಟರ್ ಕಡೆ ಇರಲಿ ಅಂತ. 3307 ಆ ಬಾಯಿಯ ನಂಬರ್. ಉಳಿದ 127.0.0.1:3306 ಅನ್ನುವುದು ನೀರು ಎಲ್ಲಿಗೆ ಮುಟ್ಟಬೇಕು ಅನ್ನುವ ವಿಳಾಸ.

ಎಲ್ಲರೂ ಎಡವುವುದು ಇಲ್ಲೇ. ನನ್ನ ಜೊತೆ ಕೆಲಸ ಕಲಿಯುತ್ತಿದ್ದ ಹುಡುಗ ಇದನ್ನು ನೋಡಿ ಕೇಳಿದ: "ಸರ, 127.0.0.1 ಅಂದ್ರ ಈ ಕಂಪ್ಯೂಟರ್ ಅಲ್ಲೇನ್ರಿ? ಇದರಾಗ ಮೈಎಸ್‌ಕ್ಯೂಎಲ್ ಇಲ್ಲೇ ಇಲ್ಲಲ್ರಿ!"

ಪ್ರಶ್ನೆ ಸರಿ ಇದೆ. 127.0.0.1 ಅಂದರೆ 'ನಾನೇ' ಅಂತ. ಆದರೆ 'ನಾನು' ಅಂದವರು ಯಾರು? ನಾನು ಅವನಿಗೆ ಹೇಳಿದ್ದು ಇದು: "ನೀ ಫೋನ್ ಮಾಡಿ ಇಂಡಿ ಊರಾಗಿರೋ ನಿಮ್ಮ ಕಾಕಾಗ, 'ಮನ್ಯಾಗಿನ ಚೀಲ ಲಾರಿಗೆ ಹಾಕಸ್ರಿ ಕಾಕಾ' ಅಂದ್ರ ಅವ್ರು ಯಾರ ಮನಿ ಚೀಲ ಹಾಕಸ್ತಾರ?" ಹುಡುಗ ನಕ್ಕ. "ಅವ್ರ ಮನೀದ್ರಿ." ಅಷ್ಟೇ. ಹೇಳಿದವನು ವಿಜಯಪುರದಲ್ಲಿದ್ದಾನೆ, ಕೆಲಸ ಮಾಡುವವರು ಇಂಡಿ ಊರಲ್ಲಿದ್ದಾರೆ. ಮನೆ ಅಂದರೆ ಕೆಲಸ ಮಾಡುವವರ ಮನೆ. ಹಾಗೆಯೇ ವಿಳಾಸ ಬರೆದದ್ದು ನಾನಾದರೂ ಅದನ್ನು ಓದಿ ಆ ಕಡೆ ಹೊಸ ಕನೆಕ್ಷನ್ ಹಾಕುವುದು ಮುಂಬೈನ ಸರ್ವರ್. ಆದ್ದರಿಂದ ಅಲ್ಲಿ ಬರೆದ 127.0.0.1 ಸರ್ವರ್‌ನ ಮನೆ.

ಇದು ಹಿಡಿತಕ್ಕೆ ಸಿಕ್ಕರೆ ಅರ್ಧ ಗೊಂದಲ ಹೋದ ಹಾಗೆ. ಅಲ್ಲಿ 127.0.0.1 ಬದಲು ಬೇರೆ ಹೆಸರನ್ನೂ ಬರೆಯಬಹುದು. ಡೇಟಾಬೇಸ್ ಬೇರೆ ಮಷೀನ್‌ನಲ್ಲಿದ್ದು, ಅದರ ಹೆಸರು ಆ ಆಫೀಸ್ ಒಳಗಿನ ನೆಟ್‌ವರ್ಕ್‌ಗೆ ಮಾತ್ರ ಗೊತ್ತಿದ್ದರೂ ಪರವಾಗಿಲ್ಲ. ಹೆಸರು ಹುಡುಕುವುದೂ ಆ ಕಡೆಯೇ ಆಗುತ್ತದೆ. ನಿಮ್ಮ ಕಂಪ್ಯೂಟರ್‌ಗೆ ಆ ಹೆಸರು ಗೊತ್ತಿರಬೇಕಿಲ್ಲ. ಒಂದು ಎಚ್ಚರ ಮಾತ್ರ ಇರಲಿ. ಸುರಂಗ ಮುಗಿಯುವುದು ಎಸ್‌ಎಸ್‌ಎಚ್ ಸರ್ವರ್‌ನಲ್ಲಿ. ಅಲ್ಲಿಂದ ಆ ಇನ್ನೊಂದು ಮಷೀನ್‌ವರೆಗಿನ ದಾರಿಗೆ ಎಸ್‌ಎಸ್‌ಎಚ್ ಮುಚ್ಚಳ ಇಲ್ಲ. ಸುರಂಗದಿಂದ ಹೊರಬಿದ್ದ ನೀರು ಆಮೇಲೆ ತೆರೆದ ಕಾಲುವೆಯಲ್ಲಿ ಹರಿದ ಹಾಗೆ.

ಈಗ ಕೋಡ್. ಕಮಾಂಡ್ ಇದ್ದಾಗ ಕೋಡ್ ಯಾಕೆ ಅಂತ ಕೇಳಬಹುದು. ಆಫೀಸಿನ ಕಂಪ್ಯೂಟರ್ ಮುಂದೆ ಕೂತವರು ಕಪ್ಪು ಪರದೆ ನೋಡಿದರೆ ಮುಚ್ಚಿಬಿಡುತ್ತಾರೆ. ಒಮ್ಮೆ ಹಾಗೇ ಆಯಿತು. ಅದಕ್ಕೆ ಸುರಂಗ ತೆರೆಯುವುದು, ಮುಚ್ಚುವುದು ಎರಡೂ ಪ್ರೋಗ್ರಾಂ ಒಳಗೇ ಇರಲಿ ಅಂತ ಪ್ಯಾರಾಮಿಕೊ ಹಿಡಿದೆ. ಇದು ಪೈಥಾನ್‌ನಲ್ಲಿ ಎಸ್‌ಎಸ್‌ಎಚ್ ಮಾತಾಡುವ ಲೈಬ್ರರಿ. ಗೋ, ಜಾವಾ ಭಾಷೆಗಳಲ್ಲೂ ಇಂಥವೇ ಇವೆ. ಹೆಸರು ಬೇರೆ, ಒಳಗಿನ ನಡೆ ಒಂದೇ. ಯಾಕೆಂದರೆ ಎಲ್ಲವೂ 2006ರಲ್ಲಿ ಆರ್‌ಎಫ್‌ಸಿ 4254 ಅಂತ ಪ್ರಕಟವಾದ ಒಂದೇ ನಿಯಮದ ಪ್ರಕಾರ ನಡೆಯುತ್ತವೆ.

ಮೊದಲು ಪ್ರೋಗ್ರಾಂ ಸರ್ವರ್‌ನ 22ನೇ ಪೋರ್ಟ್‌ಗೆ ಹೋಗಿ ಕೀ (ಪಾಸ್‌ವರ್ಡ್ ಬದಲು ಬಳಸುವ ಗುರುತಿನ ಫೈಲ್) ತೋರಿಸಿ ಲಾಗಿನ್ ಆಗುತ್ತದೆ. ಹಾಗೆ ಸಿಕ್ಕ ಕನೆಕ್ಷನ್‌ಗೆ ಪ್ಯಾರಾಮಿಕೊದಲ್ಲಿ 'ಟ್ರಾನ್ಸ್‌ಪೋರ್ಟ್' ಅಂತ ಹೆಸರು. ಆಮೇಲೆ ಪ್ರೋಗ್ರಾಂ ನಮ್ಮದೇ ಕಂಪ್ಯೂಟರ್‌ನ 127.0.0.1ರ 3307ರಲ್ಲಿ ಒಂದು ಸಾಕೆಟ್ (ಕನೆಕ್ಷನ್ ಬಂದು ಸೇರುವ ತುದಿ) ಇಟ್ಟುಕೊಂಡು ಕಿವಿ ತೆರೆದು ಕೂರುತ್ತದೆ. ಮೈಎಸ್‌ಕ್ಯೂಎಲ್ ಲೈಬ್ರರಿಗೆ ನಾವು ಹೇಳುವುದು, ಡೇಟಾಬೇಸ್ 127.0.0.1ರಲ್ಲಿ 3307ರಲ್ಲಿದೆ ಅಂತ. ಅದು ನಂಬುತ್ತದೆ. ಬಂದು ಬಾಗಿಲು ತಟ್ಟುತ್ತದೆ.

ತಟ್ಟಿದ ಕೂಡಲೇ ಪ್ರೋಗ್ರಾಂ ಟ್ರಾನ್ಸ್‌ಪೋರ್ಟ್‌ಗೆ 'ಓಪನ್ ಚಾನೆಲ್' ಅನ್ನುತ್ತದೆ. ಚಾನೆಲ್‌ನ ಜಾತಿ 'ಡೈರೆಕ್ಟ್-ಟಿಸಿಪಿಐಪಿ'. ಜೊತೆಗೆ ಎರಡು ವಿಳಾಸ ಕೊಡಬೇಕು: ಎಲ್ಲಿಗೆ ಹೋಗಬೇಕು, ಎಲ್ಲಿಂದ ಬಂತು. ಸರ್ವರ್ ಒಪ್ಪಿದರೆ ತಾನೇ 3306ಕ್ಕೆ ಕನೆಕ್ಷನ್ ಹಾಕಿ, ಆಯಿತು ಅಂತ ಚಾನೆಲ್ ನಂಬರ್ ಕೊಡುತ್ತದೆ. ಒಪ್ಪದಿದ್ದರೆ ಕಾರಣ ಹೇಳಿ ವಾಪಸ್ ಕಳಿಸುತ್ತದೆ. ಸರ್ವರ್‌ನ ಸೆಟ್ಟಿಂಗ್‌ನಲ್ಲಿ ಫಾರ್ವರ್ಡಿಂಗ್ (ಹೀಗೆ ಸುರಂಗ ಬಿಡುವುದು) ನಿಲ್ಲಿಸಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಈಗ ಪ್ರೋಗ್ರಾಂನ ಒಂದು ಕೈಯಲ್ಲಿ ಸಾಕೆಟ್, ಇನ್ನೊಂದು ಕೈಯಲ್ಲಿ ಚಾನೆಲ್. ಇನ್ನು ಮಾಡುವುದು ಕೂಲಿ ಕೆಲಸ. ಸಾಕೆಟ್‌ನಲ್ಲಿ ಏನಾದರೂ ಬಂದರೆ ಎತ್ತಿ ಚಾನೆಲ್‌ಗೆ ಹಾಕು. ಚಾನೆಲ್‌ನಲ್ಲಿ ಬಂದರೆ ಸಾಕೆಟ್‌ಗೆ ಹಾಕು. ಯಾವುದರಲ್ಲಿ ಬಂದಿದೆ ಅಂತ ಹೇಳಲು 'ಸೆಲೆಕ್ಟ್' ಇದೆ. ಒಳಗೆ ಇರುವುದು ಮೈಎಸ್‌ಕ್ಯೂಎಲ್ ಮಾತೋ, ವೆಬ್ ಪುಟವೋ ಅನ್ನುವುದು ಈ ಕೂಲಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಚೀಲದಲ್ಲಿ ಏನಿದೆ ಅಂತ ಹಮಾಲ ಬಿಚ್ಚಿ ನೋಡುತ್ತಾನೆಯೇ? ಹತ್ತು ಜನ ತಟ್ಟಿದರೆ ಹತ್ತು ಚಾನೆಲ್, ಹತ್ತು ಥ್ರೆಡ್ (ಪ್ರೋಗ್ರಾಂ ಒಳಗೆ ಒಟ್ಟಿಗೇ ಓಡುವ ಕೆಲಸದ ಎಳೆಗಳು). ಎಲ್ಲದಕ್ಕೂ ಒಂದೇ ಟ್ರಾನ್ಸ್‌ಪೋರ್ಟ್ ಸಾಕು.

ಕೇಳಲು ಇಷ್ಟು ಸುಲಭ. ನನ್ನದು ಒಂದು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ದಿನ ಹಳೆಯ ಪುಸ್ತಕದ ಎಂಟ್ರಿಗಳನ್ನೆಲ್ಲ ಒಟ್ಟಿಗೆ ಕಳಿಸಲು ಹೋದೆ. ಪ್ರೋಗ್ರಾಂ ನಿಂತಲ್ಲೇ ನಿಂತಿತು. ಎರರ್ ಇಲ್ಲ, ಉತ್ತರ ಇಲ್ಲ. ಸ್ವಲ್ಪ ಸ್ವಲ್ಪ ಕಳಿಸಿದರೆ ಹೋಗುತ್ತದೆ, ಒಟ್ಟಿಗೆ ಕಳಿಸಿದರೆ ಇಲ್ಲ. ನೆಟ್ ಸರಿ ಇಲ್ಲ ಅಂದುಕೊಂಡೆ. ಸರ್ವರ್‌ನವರಿಗೆ ಬೈದೆ. ಮೂರು ದಿನ ಹೋಯಿತು.

ತಪ್ಪು ನನ್ನದೇ ಒಂದು ಸಾಲಿನಲ್ಲಿತ್ತು. ಸಾಕೆಟ್‌ನಿಂದ ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಎತ್ತುತ್ತಿದ್ದೆ. ಎತ್ತಿದ್ದನ್ನು ಚಾನೆಲ್‌ಗೆ 'ಸೆಂಡ್' ಅಂತ ಕೊಡುತ್ತಿದ್ದೆ. ಸೆಂಡ್ ಅಂದರೆ 'ಎಲ್ಲ ಕಳಿಸು' ಅಂತ ಅಲ್ಲ. 'ಆದಷ್ಟು ಕಳಿಸು, ಎಷ್ಟು ಹೋಯಿತು ಅಂತ ಹೇಳು' ಅಂತ. ಓಪನ್‌ಎಸ್‌ಎಸ್‌ಎಚ್ ಇಂಥ ಚಾನೆಲ್‌ನಲ್ಲಿ ಒಂದು ಪ್ಯಾಕೆಟ್‌ಗೆ 32 ಕಿಲೋಬೈಟ್ ಮಿತಿ ಇಟ್ಟಿರುತ್ತದೆ. ಅಷ್ಟು ಹೋಯಿತು. ಎಷ್ಟು ಹೋಯಿತು ಅಂತ ಅದು ಹೇಳಿದ ನಂಬರ್ ಅನ್ನು ನಾನು ನೋಡಲೇ ಇಲ್ಲ. ಉಳಿದದ್ದು ನೆಲಕ್ಕೆ ಚೆಲ್ಲಿತು. ಆ ಕಡೆ ಮೈಎಸ್‌ಕ್ಯೂಎಲ್ ಉಳಿದ ಬೈಟ್‌ಗಳು ಬರಲಿ ಅಂತ ಕಾಯುತ್ತಿತ್ತು, ಈ ಕಡೆ ನಾನು ಉತ್ತರ ಬರಲಿ ಅಂತ. 'ಸೆಂಡ್' ತೆಗೆದು 'ಸೆಂಡ್‌ಆಲ್' ಅಂತ ಹಾಕಿದೆ. ಮೂರು ಅಕ್ಷರ ಸೇರಿಸಿದ್ದಕ್ಕೆ ಮೂರು ದಿನ. ಚಿಕ್ಕ ಲೆಕ್ಕದಲ್ಲಿ ಇದು ಯಾಕೆ ಸಿಗಲಿಲ್ಲ ಅಂದರೆ, ದಿನದ ಎಂಟ್ರಿಗಳು ಯಾವತ್ತೂ 32 ಕಿಲೋಬೈಟ್ ದಾಟುತ್ತಿರಲಿಲ್ಲ.

ಆ ಮಿತಿಗಳು ಯಾಕೆ ಬೇಕು? ಇದಕ್ಕೂ ನಮ್ಮೂರಲ್ಲೇ ಕಣ್ಣಿಗೆ ಕಾಣುವ ಉತ್ತರ ಇದೆ. ಊರೊಳಗೆ ಅಲ್ಲಲ್ಲಿ ಹಳೆಯ ಎತ್ತರದ ಕಲ್ಲಿನ ಗೋಪುರಗಳು ನಿಂತಿವೆ. ಅವನ್ನು ಗಂಜ್ ಅನ್ನುತ್ತಾರೆ. ಚಿಕ್ಕವನಿದ್ದಾಗ ಕಾವಲು ಗೋಪುರ ಅಂದುಕೊಂಡಿದ್ದೆ. ಅಲ್ಲ, ಅವು ನೀರಿನ ಗೋಪುರಗಳು. 1651ರಲ್ಲಿ ಮೊಹಮ್ಮದ್ ಆದಿಲ್‌ಶಾ ಕಟ್ಟಿಸಿದ ಬೇಗಂ ತಲಾಬ್‌ನಂಥ ಕಡೆಯಿಂದ ಕೊಳವೆಯಲ್ಲಿ ಬಂದ ನೀರು ಇವುಗಳಲ್ಲಿ ಏರಿ, ರಭಸ ಕಳೆದುಕೊಂಡು ಮುಂದೆ ಹೋಗುತ್ತಿತ್ತು. ಇಲ್ಲದಿದ್ದರೆ ಒತ್ತಡಕ್ಕೆ ಕೊಳವೆ ಒಡೆಯುತ್ತಿತ್ತು.

ಎಸ್‌ಎಸ್‌ಎಚ್‌ನಲ್ಲಿ ಪ್ರತಿ ಚಾನೆಲ್‌ಗೂ 'ವಿಂಡೋ' ಅಂತ ಒಂದು ಲೆಕ್ಕ ಇದೆ. ತಗೊಳ್ಳುವವನು ಮೊದಲೇ ಹೇಳಿರುತ್ತಾನೆ, ನನ್ನ ಹತ್ತಿರ ಇಷ್ಟು ಬೈಟ್‌ಗೆ ಜಾಗ ಇದೆ ಅಂತ. ಕಳಿಸುವವನು ಕಳಿಸಿದಷ್ಟು ಅದರಲ್ಲಿ ಕಳೆಯುತ್ತಾ ಹೋಗುತ್ತಾನೆ. ಸೊನ್ನೆಗೆ ಬಂದರೆ ನಿಲ್ಲಬೇಕು. ಆ ಕಡೆ ಜಾಗ ಖಾಲಿಯಾದಾಗ 'ಇನ್ನಿಷ್ಟು ಕಳಿಸು' ಅಂತ ಸುದ್ದಿ ಬರುತ್ತದೆ. ಗಂಜ್‌ನಲ್ಲಿ ನೀರು ಎಲ್ಲರಿಗೂ ಸೇರಿ ನಿಲ್ಲುತ್ತಿತ್ತು. ಇಲ್ಲಿ ಒಂದೊಂದು ಚಾನೆಲ್‌ಗೂ ತನ್ನದೇ ಬೇರೆ ಗಂಜ್. ಅದರಿಂದಲೇ ಒಂದು ಚಾನೆಲ್‌ನಲ್ಲಿ ತಗೊಳ್ಳುವವನು ನಿಧಾನ ಮಾಡಿದರೂ ಅದು ಮಾತ್ರ ನಿಲ್ಲುತ್ತದೆ, ಪಕ್ಕದ ಚಾನೆಲ್ ನಡೆಯುತ್ತಲೇ ಇರುತ್ತದೆ.

ಇನ್ನೊಂದು ಮೋಸ ಮೈಎಸ್‌ಕ್ಯೂಎಲ್ ಕಡೆಯಿಂದ. ಲಿನಕ್ಸ್‌ನಲ್ಲಿ ಮೈಎಸ್‌ಕ್ಯೂಎಲ್ ಕ್ಲೈಂಟ್‌ಗೆ 127.0.0.1 ಬದಲು 'ಲೋಕಲ್‌ಹೋಸ್ಟ್' ಅಂತ ಹೆಸರು ಬರೆದರೆ ಅದು ಪೋರ್ಟ್ ಕಡೆ ತಿರುಗಿಯೂ ನೋಡುವುದಿಲ್ಲ. ನೇರ ಆ ಮಷೀನ್‌ನಲ್ಲೇ ಇರುವ ಸಾಕೆಟ್ ಫೈಲ್ ಹುಡುಕುತ್ತದೆ. ಸುರಂಗ ಸರಿಯಾಗಿಯೇ ಇರುತ್ತದೆ, ಅದರ ಬಾಯಿಗೆ ಯಾರೂ ಬರುವುದೇ ಇಲ್ಲ! ನಿಮ್ಮ ಮಷೀನ್‌ನಲ್ಲೂ ಒಂದು ಮೈಎಸ್‌ಕ್ಯೂಎಲ್ ಇದ್ದರಂತೂ ಮುಗಿಯಿತು. ಅದಕ್ಕೇ ಬರೆದು, ಡೇಟಾ ಮುಂಬೈಗೆ ಹೋಯಿತು ಅಂತ ತಿಳಿದಿರುತ್ತೀರಿ. ಸುರಂಗ ಬಳಸುವಾಗ 127.0.0.1 ಅಂತಲೇ ಬರೆಯಿರಿ.

ಪೋರ್ಟ್ ನಂಬರ್ ಬಗ್ಗೆಯೂ ಒಂದು ಮಾತು. 3307 ಅಂತ ಗಟ್ಟಿಯಾಗಿ ಬರೆದುಬಿಟ್ಟರೆ, ಪ್ರೋಗ್ರಾಂ ಎರಡು ಸಲ ಓಡಿದಾಗ ಎರಡನೆಯದು 'ಈ ವಿಳಾಸ ಆಗಲೇ ಬಳಕೆಯಲ್ಲಿದೆ' ಅಂತ ಕೈಯೆತ್ತುತ್ತದೆ. 0 ಅಂತ ಕೊಟ್ಟರೆ ಯಾವುದು ಖಾಲಿ ಇದೆಯೋ ಅದನ್ನು ಆಪರೇಟಿಂಗ್ ಸಿಸ್ಟಂ ತಾನೇ ಕೊಡುತ್ತದೆ. ಯಾವುದು ಸಿಕ್ಕಿತು ಅಂತ ಸಾಕೆಟ್‌ನ್ನೇ ಕೇಳಿ ಮೈಎಸ್‌ಕ್ಯೂಎಲ್ ಲೈಬ್ರರಿಗೆ ಹೇಳಿದರೆ ಆಯಿತು. ನಾನು ಈಗ ಹೀಗೇ ಮಾಡುತ್ತೇನೆ. ಮತ್ತೆ, ಆ ಸಾಕೆಟ್ ಅನ್ನು 0.0.0.0ಗೆ, ಅಂದರೆ ಮಷೀನ್‌ನ ಎಲ್ಲ ವಿಳಾಸಗಳಿಗೂ, ಕಟ್ಟಬೇಡಿ. ಕಟ್ಟಿದರೆ ಆಫೀಸಿನ ವೈಫೈ ಹಿಡಿದವರೆಲ್ಲ ನಿಮ್ಮ ಸುರಂಗಕ್ಕೆ ಇಳಿಯಬಹುದು.

ಕೋಡ್ ಬರೆಯುವವರು ಕಣ್ಣುಮುಚ್ಚಿ ಮಾಡುವ ಒಂದು ತಪ್ಪಿದೆ. ನನಗೆ ಕೋಪ ಬರುವುದೂ ಅದಕ್ಕೇ. ಎಸ್‌ಎಸ್‌ಎಚ್ ಸರ್ವರ್‌ಗೆ ತನ್ನದೇ ಗುರುತಿನ ಕೀ ಇರುತ್ತದೆ. ಗುರುತಿಲ್ಲದ ಕೀ ಬಂದರೆ ಪ್ಯಾರಾಮಿಕೊ ತಾನಾಗಿಯೇ ಕನೆಕ್ಷನ್ ನಿರಾಕರಿಸುತ್ತದೆ. ಒಳ್ಳೆಯ ಗುಣ. ಆದರೆ ಎರರ್ ಬಂತಲ್ಲ ಅಂತ ಜನ 'ಆಟೋ ಆಡ್ ಪಾಲಿಸಿ' ಅನ್ನುವ ಸಾಲನ್ನು ಎಲ್ಲಿಂದಲೋ ಎತ್ತಿ ಅಂಟಿಸುತ್ತಾರೆ. ಅದರ ಅರ್ಥ, ಹೊಸಬರು ಯಾರೇ ಬಂದರೂ ನಂಬು ಅಂತ. ಬಾಗಿಲಿಗೆ ಬಂದವನು 'ನಾನೇ ಮಾವ' ಅಂದರೆ ಮುಖ ನೋಡದೆ ತಿಜೋರಿ ಕೀಲಿಕೈ ಕೊಟ್ಟ ಹಾಗೆ. ನಡುವೆ ಕೂತವನು ತಾನೇ ಸರ್ವರ್ ಅಂತ ನಟಿಸಿದರೆ, ಸುರಂಗ ನೇರ ಅವನ ಮನೆಗೇ ಹೋಗುತ್ತದೆ. ಒಂದು ಸಲ ಸರ್ವರ್‌ನ ಕೀಯ ಗುರುತನ್ನು ಸರಿಯಾದ ದಾರಿಯಿಂದ ತಂದು 'ನೋನ್ ಹೋಸ್ಟ್ಸ್' ಫೈಲ್‌ಗೆ ಹಾಕಿ, ಪ್ರೋಗ್ರಾಂಗೆ ಅದನ್ನು ಓದಲು ಹೇಳಿ. ಐದು ನಿಮಿಷದ ಕೆಲಸ.

ಸರ್ವರ್ ಕಡೆಯೂ ಬಿಗಿ ಮಾಡಬಹುದು. ಆಫೀಸಿನ ಆ ಕೀ ಹಿಡಿದು ಬಂದವರು 127.0.0.1ರ 3306ಕ್ಕೆ ಬಿಟ್ಟು ಬೇರೆಲ್ಲೂ ಹೋಗಬಾರದು, ಕಮಾಂಡ್ ಹೊಡೆಯಬಾರದು ಅಂತ ಕೀ ಬರೆದಿಟ್ಟ ಸಾಲಿನಲ್ಲೇ ಹೇಳಬಹುದು. 'ರಿಸ್ಟ್ರಿಕ್ಟ್' ಅಂತ ಹಾಕಿದರೆ ಫಾರ್ವರ್ಡಿಂಗ್, ಟರ್ಮಿನಲ್ ಎಲ್ಲ ಬಂದ್. ಕಮಾಂಡ್ ಹೊಡೆಯುವುದು ಮಾತ್ರ ಅದರಿಂದ ನಿಲ್ಲುವುದಿಲ್ಲ, ಅದಕ್ಕೆ 'ಕಮಾಂಡ್' ಅಂತ ಏನೂ ಮಾಡದ ಒಂದು ಪ್ರೋಗ್ರಾಂನ ಹೆಸರನ್ನೂ ಅದೇ ಸಾಲಿನಲ್ಲಿ ಬರೆಯಬೇಕು. ಆಮೇಲೆ 'ಪೋರ್ಟ್ ಫಾರ್ವರ್ಡಿಂಗ್' ಒಂದನ್ನು ಮಾತ್ರ ವಾಪಸ್ ಕೊಟ್ಟು, 'ಪರ್ಮಿಟ್ ಓಪನ್' ಅಂತ ಆ ಒಂದು ವಿಳಾಸ ಬರೆದರೆ ಆಯಿತು. ಆಫೀಸಿನ ಕಂಪ್ಯೂಟರ್ ಯಾರ ಕೈಗೆ ಸಿಕ್ಕರೂ ಅವರಿಗೆ ಸಿಗುವುದು ಅಷ್ಟೇ ಬಾಗಿಲು.

ಉಲ್ಟಾ ಸುರಂಗವೂ ಉಂಟು. ತಿಕೋಟಾ ಕಡೆಯ ಒಂದು ತೂಕದ ಕಾಟಾಗೆ ಕಂಪ್ಯೂಟರ್ ಇದೆ, ಅದಕ್ಕೆ ಮೊಬೈಲ್ ಇಂಟರ್ನೆಟ್. ಅಂಥ ಕಂಪ್ಯೂಟರ್‌ಗೆ ಹೊರಗಿನಿಂದ ಹುಡುಕಿಕೊಂಡು ಹೋಗಲು ತನ್ನದೇ ಆದ ವಿಳಾಸ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಅದು ಹೊರಗೆ ಬರಬಹುದಲ್ಲ! ಅದೇ ಮುಂಬೈ ಸರ್ವರ್‌ಗೆ ಲಾಗಿನ್ ಆಗಿ, 'ನಿನ್ನ ಹತ್ತಿರ ಒಂದು ಬಾಯಿ ತೆರೆ, ಅಲ್ಲಿ ಯಾರು ತಟ್ಟಿದರೂ ನನಗೆ ಕಳಿಸು' ಅನ್ನುತ್ತದೆ. ಕಮಾಂಡ್‌ನಲ್ಲಿ '-ಎಲ್' ಬದಲು '-ಆರ್'. ಕೋಡ್‌ನಲ್ಲಿ ಚಾನೆಲ್ ತೆರೆಯುವುದು ಈಗ ಸರ್ವರ್, ಒಪ್ಪಿಕೊಳ್ಳುವುದು ನಾವು. ಇಲ್ಲಿ 127.0.0.1 ಅಂತ ಮುಟ್ಟುವ ವಿಳಾಸ ಬರೆದರೆ ಯಾರ ಮನೆ? ಕನೆಕ್ಷನ್ ಹಾಕುವವರು ಕಾಟಾದ ಕಂಪ್ಯೂಟರ್, ಹಾಗಾಗಿ ಅದರ ಮನೆ. ಕೆಲಸ ಮಾಡುವವರ ಮನೆ ಅನ್ನುವ ಲೆಕ್ಕ ಬದಲಾಗಲಿಲ್ಲ, ನೋಡಿ. ಸರ್ವರ್‌ನಲ್ಲಿ ತೆರೆದ ಬಾಯಿ ಮಾತ್ರ ಸರ್ವರ್‌ನ ಒಳಗಿನವರಿಗಷ್ಟೇ ಕಾಣುತ್ತದೆ. ಹೊರಗಿನವರಿಗೂ ಕಾಣಬೇಕಾದರೆ 'ಗೇಟ್‌ವೇ ಪೋರ್ಟ್ಸ್' ಸೆಟ್ಟಿಂಗ್ ಬದಲಿಸಬೇಕು. ನಾನಂತೂ ಬದಲಿಸಿಲ್ಲ. 3306ರ ಲಾಗ್ ಇನ್ನೂ ಕಣ್ಣ ಮುಂದಿದೆ.

ಕೊನೆಯ ಕಿರಿಕಿರಿ ಸುರಂಗ ಸುಮ್ಮನೆ ಸಾಯುವುದು. ಸ್ವಲ್ಪ ಹೊತ್ತು ಡೇಟಾ ಹರಿಯದಿದ್ದರೆ ನಡುವಿನ ರೂಟರ್‌ಗಳು ಆ ಕನೆಕ್ಷನ್ ಮರೆತುಬಿಡುತ್ತವೆ. ಎರಡೂ ತುದಿಗೆ ಅದು ಗೊತ್ತಾಗುವುದಿಲ್ಲ. ಪ್ಯಾರಾಮಿಕೊದಲ್ಲಿ 'ಸೆಟ್ ಕೀಪ್ ಅಲೈವ್' ಅಂತ 30 ಕೊಟ್ಟರೆ, ಸುಮ್ಮನಿರುವಾಗ 30 ಸೆಕೆಂಡಿಗೊಮ್ಮೆ 'ಇದ್ದೀಯಾ?' ಅಂತ ಒಂದು ಸಣ್ಣ ಸಂದೇಶ ಹೋಗುತ್ತದೆ. ದಾರಿ ಬೆಚ್ಚಗಿರುತ್ತದೆ. ಕರೆಂಟ್ ಹೋದರೆ ಇದರಿಂದ ಏನೂ ಆಗದು, ಮತ್ತೆ ಮೊದಲಿನಿಂದ ಕನೆಕ್ಷನ್ ಹಾಕಬೇಕು. ಅದಕ್ಕೆ ನನ್ನ ಪ್ರೋಗ್ರಾಂ ಈಗ ಏಳಕ್ಕೆ ಸುರಂಗ ತೆರೆಯುತ್ತದೆ, ಕೆಲಸ ಮುಗಿಸಿ ಮುಚ್ಚುತ್ತದೆ. ಆಗಲಿಲ್ಲ ಅಂದರೆ ಎರಡು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ, ಐದು ಸಲ.

ಮೊನ್ನೆ ಏಳೂಕಾಲಿಗೆ ಮತ್ತೆ ಫೋನ್ ಬಂತು. ಎದೆ ಧಸಕ್ಕೆಂದಿತು.

"ಸರ, ಲೆಕ್ಕ ಬಂತ್ರಿ. ಆದ್ರ ಇದರಾಗ ನಮ್ಮ ಅಳಿಯಂದು ಬಾಡಿಗಿ ಬಾಕಿ ಐತಿ ಅಂತ ತೋರಸ್ತೈತಲ್ರಿ, ಏನ್ ಮಾಡೂದ್ರಿ?"

ಅದಕ್ಕೆ ನನ್ನ ಹತ್ತಿರ ಕೋಡ್ ಇಲ್ಲ.